ಆಗಸ್ಟ್‌ನಲ್ಲಿ ನೇರಳೆಯಾಗುವ ಗುಡ್ಡಗಳು

ನಮ್ಮ ನೀಲಕುರಿಂಜಿಗೆ 12 ವರ್ಷ ಕಾಯಬೇಕು. ಇಂಗ್ಲೆಂಡಿನ ಹೆದರ್ ಹೂವು ಪ್ರತಿವರ್ಷ ಅರಳುತ್ತದೆ. ಆಗಸ್ಟ್ ಬಂತೆಂದರೆ ನಾರ್ತ್ ಯಾರ್ಕ್ ಮೂರ್ಸ್ ರಾಷ್ಟ್ರೀಯ ಉದ್ಯಾನದ ಬೋಳುಗುಡ್ಡಗಳೆಲ್ಲ ನೇರಳೆ. ಪಿಕರಿಂಗ್‌ನಿಂದ ಹೊರಡುವ ಹಳೆಯ ಉಗಿಬಂಡಿ ಹತ್ತಿ, ಗೋತ್‌ಲ್ಯಾಂಡ್‌ನಲ್ಲಿಳಿದು ತುಸು ನಡೆದರೆ ಸಾಕು. ಮೊಣಕಾಲೆತ್ತರದ ಈ ಪೊದೆಯ ಬೇರಿನೊಳಗಿರುವ ಶಿಲೀಂಧ್ರ ಸಾರಜನಕ ಒದಗಿಸುವುದರಿಂದ, ಸಾರವಿಲ್ಲದ ಹುಳಿಮಣ್ಣಿನಲ್ಲೂ ಅದು ಸೊಂಪಾಗಿ ಬೆಳೆಯುತ್ತದೆ.

ನೋಡುಗರಿಗೆ ಇದು ಕನ್ನೆನೆಲವೆನಿಸಬಹುದು. ಅಲ್ಲ, ಸಾವಿರಾರು ವರ್ಷಗಳ ಹಿಂದೆ ಮನುಷ್ಯ ಕಾಡು ಕಡಿದದ್ದರಿಂದ ಆದ ಬಯಲಿದು. ಕುರಿ ಮೇಯದಿದ್ದರೆ, ಗ್ರೌಸ್ ಹಕ್ಕಿಯ ಬೇಟೆಗಾಗಿ ಹಳೆಯ ಪೊದೆಗಳನ್ನು ಅಲ್ಲಲ್ಲಿ ಸುಡದಿದ್ದರೆ ಮರಗಳು ಮತ್ತೆ ತಲೆಯೆತ್ತುತ್ತವೆ. ಗುಡ್ಡದ ಮೇಲಿನ ಕಪ್ಪು ಪಟ್ಟೆಗಳು ಆ ಬೆಂಕಿಯ ಗುರುತು. ಆದರೆ ಅರೆಕೊಳೆತ ಗಿಡಗಳಿಂದಾದ ಅಡಿಯ ಪೀಟ್ ಮಣ್ಣು ಇಂಗಾಲದ ಕಣಜ. ಅದು ಉರಿಯಬಾರದೆಂದು ಸರ್ಕಾರ 2021ರಲ್ಲಿ, ಸಂರಕ್ಷಿತ ಪ್ರದೇಶಗಳ ಆಳವಾದ ಪೀಟ್ ಮೇಲೆ ಪರವಾನಗಿಯಿಲ್ಲದೆ ಸುಡುವುದನ್ನು ನಿಷೇಧಿಸಿತು.