ಕೇಸರಿ ಬೇಳೆಯಿಂದ ಮಾನೇಸರದವರೆಗೆ

ಬರಗಾಲದಲ್ಲಿ ಉಳಿದ ಬೆಳೆಯೆಲ್ಲ ಒಣಗಿದರೂ ಕೇಸರಿ ಬೇಳೆಯ ಗಿಡ ಬದುಕಿಕೊಳ್ಳುತ್ತದೆ. ಮಧ್ಯ ಭಾರತದ ಬಡವರು ತಿಂಗಳುಗಟ್ಟಲೆ ಅದನ್ನೇ ಉಂಡು ಕಾಲಿನ ಶಕ್ತಿ ಕಳೆದುಕೊಂಡದ್ದುಂಟು. ಈ ಬೇಳೆಯ ವಿಷ ನರಕೋಶವನ್ನು ಹೇಗೆ ಕೊಲ್ಲುತ್ತದೆ? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದ್ದ ವಿಜಯಲಕ್ಷ್ಮಿ ರವೀಂದ್ರನಾಥ್ ಮತ್ತು ಸಂಗಡಿಗರು ಇಲಿಗಳಲ್ಲಿ ಉತ್ತರ ಹುಡುಕಿದರು. ಕೋಶದೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಕ್ಕೇ ಮೊದಲ ಪೆಟ್ಟು ಬೀಳುತ್ತದೆ ಎಂದು 1998ರಲ್ಲಿ ತೋರಿಸಿದರು. ಎರಡು ವರ್ಷಗಳ ಬಳಿಕ ವಿಜಯಲಕ್ಷ್ಮಿ ದೆಹಲಿಯ ಪಕ್ಕದ ಮಾನೇಸರದಲ್ಲಿರುವ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದ ಸ್ಥಾಪಕ ನಿರ್ದೇಶಕಿಯಾದರು.

ಮಿದುಳಿನ ತೂಕ ದೇಹದ ಶೇ. 2ರಷ್ಟು; ಅದು ಬಳಸುವ ಆಮ್ಲಜನಕ ಸುಮಾರು ಶೇ. 20. ಮೈಟೊಕಾಂಡ್ರಿಯದಲ್ಲಿ ಇಷ್ಟೊಂದು ಉರಿಯುವಾಗ ಫ್ರೀ ರ್‍ಯಾಡಿಕಲ್ ಎಂಬ ಕಿಡಿಗಳೂ ಹಾರುತ್ತವೆ. ನರಕೋಶದ ಪೊರೆಯೋ ಕೊಬ್ಬಿನದು. ಹಳೆಯ ಕಡಲೆಕಾಯಿ ಎಣ್ಣೆ ಕಮಟು ಹಿಡಿಯುವ ರಸಾಯನಕ್ರಿಯೆಯೇ ಅಲ್ಲೂ ಶುರುವಾಗುತ್ತದೆ. ಪೊರೆಯೊಳಗೇ ಕುಳಿತ ವಿಟಮಿನ್ ಇ ಆ ಕಿಡಿಯನ್ನು ನಂದಿಸಿ ತಾನು ಸೊರಗುತ್ತದೆ. ವಿಟಮಿನ್ ಸಿ ಅದನ್ನು ಮತ್ತೆ ಚೇತರಿಸುತ್ತದೆ. ವಿಟಮಿನ್ ಸಿಯನ್ನು ಗ್ಲುಟಾಥಯೋನ್ ಚೇತರಿಸುತ್ತದೆ. ಬಣವೆಗೆ ಬೆಂಕಿ ಬಿದ್ದಾಗ ಊರವರು ಸಾಲುಗಟ್ಟಿ ಕೊಡ ಸಾಗಿಸುತ್ತಾರಲ್ಲ, ಹಾಗೆ. ಸಾಲಿನ ಕೊನೆಯ ಗ್ಲುಟಾಥಯೋನ್ ವಿಟಮಿನ್ ಅಲ್ಲ, ಮೂರು ಅಮೈನೊ ಆಮ್ಲಗಳಿಂದ ಕೋಶವೇ ಕಟ್ಟಿಕೊಳ್ಳುವ ವಸ್ತು.

ಈ ಗ್ಲುಟಾಥಯೋನನ್ನು ಬದುಕಿರುವ ಮನುಷ್ಯನ ಮಿದುಳಿನಲ್ಲೇ ಅಳೆಯುವ ಕೆಲಸ ಮಾನೇಸರದಲ್ಲಿ ಪ್ರವತ್ ಮಂಡಲ್ ತಂಡದಿಂದ ನಡೆಯಿತು. ಸೂಜಿ ಬೇಡ, ಕತ್ತರಿ ಬೇಡ, ಎಂಆರ್‌ಐ ಯಂತ್ರ ಸಾಕು. ಮರೆವಿನ ಮೊದಲ ಹಂತದಲ್ಲಿರುವವರಲ್ಲೂ ಆಲ್ಝೈಮರ್ ರೋಗಿಗಳಲ್ಲೂ ನೆನಪಿನ ನೆಲೆಯಾದ ಹಿಪೊಕ್ಯಾಂಪಸ್‌ನಲ್ಲಿ ಗ್ಲುಟಾಥಯೋನ್ ಕಡಿಮೆಯಿದೆ ಎಂದು ತಂಡ 2015ರಲ್ಲಿ ಪ್ರಕಟಿಸಿತು. ಕೊರತೆಯಿಂದ ರೋಗ ಬಂತೋ, ರೋಗದಿಂದ ಕೊರತೆಯೋ ಎಂಬುದನ್ನು ಈ ಅಳತೆಯೊಂದೇ ಹೇಳಲಾರದು.

ಹಾಗಾದರೆ ವಿಟಮಿನ್ ಇ ಮಾತ್ರೆ ನುಂಗಿದರಾಯಿತಲ್ಲ? ಮರೆವು ಆಗಷ್ಟೇ ಕಾಣಿಸಿಕೊಂಡವರಿಗೆ ದಿನಕ್ಕೆ 2000 ಯೂನಿಟ್‌ನಂತೆ ಮೂರು ವರ್ಷ ಕೊಟ್ಟರೂ ಆಲ್ಝೈಮರ್ ತಪ್ಪಲಿಲ್ಲವೆಂದು 2005ರ ಅಮೆರಿಕದ ಪರೀಕ್ಷೆ ಹೇಳಿತು. 2014ರ ಇನ್ನೊಂದರಲ್ಲಿ, ರೋಗ ಈಗಾಗಲೇ ಇದ್ದವರ ದಿನನಿತ್ಯದ ಕೆಲಸದ ಸಾಮರ್ಥ್ಯ ಕುಗ್ಗುವುದು ತುಸು ನಿಧಾನವಾಯಿತು. ನೆನಪು ಮಾತ್ರ ಸುಧಾರಿಸಲಿಲ್ಲ. ದಿನಕ್ಕೆ 400 ಯೂನಿಟ್ ನುಂಗಿದ ಆರೋಗ್ಯವಂತ ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ. 17ರಷ್ಟು ಹೆಚ್ಚಿದ್ದು 2011ರಲ್ಲಿ ಗೊತ್ತಾಯಿತು. ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುವವರಿಗಂತೂ ರಕ್ತಸ್ರಾವದ ಭಯವಿದೆ. ಸಾಲಿನಲ್ಲಿ ಒಬ್ಬನ ಕೈಗೇ ಹತ್ತು ಕೊಡ ಕೊಟ್ಟರೆ ಬೆಂಕಿ ಆರೀತೆ?

ದೆಹಲಿಯ ಚಳಿಗಾಲದ ಹೊಗೆಯೂ ಈ ಸಾಲಿಗೆ ಕೆಲಸ ಹೆಚ್ಚಿಸುತ್ತದೆ. ಅದೇ ಚಳಿಗಾಲಕ್ಕೆ ಅಲ್ಲಿನ ತರಕಾರಿ ಗಾಡಿಗಳ ಮೇಲೆ ವಿಟಮಿನ್ ಸಿ ತುಂಬಿದ ಸಾಸಿವೆ ಸೊಪ್ಪು, ನೆಲ್ಲಿಕಾಯಿ ಬರುತ್ತವೆ. ಪಕ್ಕದಲ್ಲೇ ವಿಟಮಿನ್ ಇ ಇರುವ ಹುರಿದ ಕಡಲೆಕಾಯಿಯ ರಾಶಿ. ನಾನು ದುಡ್ಡು ಕೊಡುವುದು ಮಾತ್ರೆಗಲ್ಲ, ಅವಕ್ಕೆ.