ನೀರಿನ ಮೇಲೆ ಕೆಂಪು ಗುರುತು

ಸ್ವೀಡನ್ನಿನ ಉತ್ತರ ತುದಿಯ ಅಬಿಸ್ಕೊ ಆರ್ಕ್ಟಿಕ್ ವೃತ್ತದಿಂದ ಸುಮಾರು 200 ಕಿ.ಮೀ. ಮೇಲಿದೆ. ಅಲ್ಲಿ ರೈಲಿಳಿದು ಸ್ಕೀ ಕಟ್ಟಿಕೊಂಡರೆ ಕುಂಗ್ಸ್‌ಲೇಡೆನ್ ದಾರಿ ಶುರು. ದಕ್ಷಿಣದ ಹೇಮಾವಾನ್ ತನಕ ಸುಮಾರು 440 ಕಿ.ಮೀ. ಚಳಿಗಾಲದಲ್ಲಿ ಹೆಚ್ಚಿನವರು ನಿಕ್ಕಲೂಕ್ತಾವರೆಗಿನ 105 ಕಿ.ಮೀ. ಮಾತ್ರ ಹೋಗುತ್ತಾರೆ. ಸ್ಟಾಕ್‌ಹೋಮಿನಲ್ಲಿ ನೆಲೆಸಿದ ಮೇಲೆ ನಾನು ಹೋದದ್ದೂ ಅಷ್ಟೇ.

ಬೇಸಿಗೆಯಲ್ಲಿ ಇಲ್ಲಿ ನಡೆದವರಿಗೂ ಚಳಿಗಾಲದ ದಾರಿ ಹೊಸದೇ. ಬೇಸಿಗೆಯ ಕಾಲುದಾರಿ ಸರೋವರಗಳ ದಡ ಬಳಸಿ, ಕಲ್ಲು, ಜೌಗು ದಾಟುತ್ತದೆ. ಚಳಿಗಾಲದ್ದು ಹೆಪ್ಪುಗಟ್ಟಿದ ನೀರಿನ ಮೇಲೆಯೇ ನೆಟ್ಟಗೆ ಹೊರಡುತ್ತದೆ. ಉದ್ದಕ್ಕೂ ಕಂಬಗಳು, ಪ್ರತಿ ಕಂಬದ ತುದಿಗೆ ಗುಣಾಕಾರದ ಚಿಹ್ನೆಯಂತೆ ಅಡ್ಡಡ್ಡ ಬಡಿದ ಎರಡು ಕೆಂಪು ಪಟ್ಟಿ. ಬಿಸಿಲಿನ ದಿನ ಅವುಗಳತ್ತ ಯಾರೂ ನೋಡುವುದಿಲ್ಲ.

ಆಲೆಸ್‌ಯೌರೆ ಸರೋವರದ ನಡುವೆ ಗಾಳಿಯೆದ್ದು ನೆಲ, ಆಕಾಶ ಎರಡೂ ಒಂದೇ ಬಿಳುಪಾದಾಗ ಅವುಗಳ ಬೆಲೆ ನನಗೆ ತಿಳಿಯಿತು. ಇಳಿಜಾರಿನಲ್ಲಿದ್ದೇನೋ ಸಮತಟ್ಟಿನಲ್ಲಿದ್ದೇನೋ ಕಾಲಿಗೇ ಗೊತ್ತಾಗದು. ನಾನು ಕಂಬ ಬಿಡದೆ ನಿಂತೆ. ಗೆಳತಿ ಮುಂದೆ ಹೋಗಿ ಇನ್ನೊಂದು ಕಂಬ ಸಿಕ್ಕಿತೆಂದು ಕೂಗಿದ ಮೇಲೆಯೇ ಹೊರಟೆ. ಹಾಗೇ ಕಂಬದಿಂದ ಕಂಬಕ್ಕೆ.

ಗಾಳಿಯ ಮುನ್ಸೂಚನೆ ಕೆಟ್ಟದಿದ್ದರೆ ತಂಗುಮನೆಯಲ್ಲೇ ಉಳಿಯಬೇಕು. ಇದರಲ್ಲಿ ನನ್ನದು ಕಟ್ಟುನಿಟ್ಟು. 1978ರ ಫೆಬ್ರವರಿಯಲ್ಲಿ, ಇನ್ನೂ ದಕ್ಷಿಣದ ಅನಾರಿಸ್ ಬೆಟ್ಟಗಳಲ್ಲಿ ಬಿರುಗಾಳಿಗೆ ಸಿಕ್ಕ ಒಂಬತ್ತು ಮಂದಿ ಸ್ಕೀ ಯಾತ್ರಿಕರಲ್ಲಿ ಎಂಟು ಮಂದಿ ತೀರಿಕೊಂಡರು. ಸಲಿಕೆ, ಗಾಳಿ ತಡೆಯುವ ಚೀಲ ಇಲ್ಲದೆ ಯಾರೂ ಹೊರಡಬಾರದು. 1,140 ಮೀಟರ್ ಎತ್ತರದ ಚೆಕ್‌ಚಾ ಘಟ್ಟದಲ್ಲಂತೂ ಗಾಳಿಗೆ ಮರೆಯೇ ಕಡಿಮೆ.

ತಂಗುಮನೆಗಳು 1885ರಲ್ಲಿ ಹುಟ್ಟಿದ ಸ್ವೀಡಿಷ್ ಪ್ರವಾಸಿ ಸಂಘದವು. ನಲ್ಲಿಯಿಲ್ಲ. ಮಂಜುಗಡ್ಡೆಗೆ ಕೊರೆದ ತೂತಿನ ಮುಚ್ಚಳ ಸರಿಸಿ, ರಾತ್ರಿ ಕಟ್ಟಿದ ತೆಳು ಪದರ ಒಡೆದು, ಉದ್ದ ಹಿಡಿಯ ಸೌಟಿನಿಂದ ಬಕೆಟ್ ತುಂಬಬೇಕು. ನಾವು ತಲುಪಿದಾಗ ಒಲೆಯ ಪಕ್ಕ ಬರ್ಚ್ ಸೌದೆ ಸೀಳಿ ಜೋಡಿಸಿತ್ತು, ಬಕೆಟ್ ತುಂಬಿತ್ತು. ಬೆಳಿಗ್ಗೆ ಹೊರಟವರು ಇಟ್ಟುಹೋದದ್ದು. ಮರುದಿನ ಕೊಡಲಿ ನಮ್ಮ ಕೈಗೆ ಬಂತು.

ಇದು ಸಾಮಿ ಜನ ಹಿಮಸಾರಂಗ ಮೇಯಿಸುವ ನೆಲ. ಹಿಂಡು ಕಂಡರೆ ನಿಂತು ದಾರಿ ಬಿಡಬೇಕು. ಬೆದರಿ ಓಡಿದರೆ ಗಬ್ಬದ ಹೆಣ್ಣುಗಳ ಕಸುವು ಸೋರಿಹೋಗುತ್ತದೆ.

ಹೋಗುವುದಾದರೆ ಮಾರ್ಚ್ ಕೊನೆಯಿಂದ ಏಪ್ರಿಲ್‌ ನಡುವಿನ ತನಕ ಒಳ್ಳೆಯದು: ಹಗಲು ಉದ್ದ, ಮಂಜುಗಡ್ಡೆ ಗಟ್ಟಿ. ಮೇ ಬರುತ್ತಿದ್ದಂತೆ ಅದರ ಮೇಲೆ ನೀರು ನಿಲ್ಲತೊಡಗುತ್ತದೆ, ತಂಗುಮನೆಗಳಿಗೆ ಬೀಗ ಬೀಳುತ್ತದೆ.