ರಜೆಯಲ್ಲಿ ಒಂದು ದಿನ ವಸ್ತುಸಂಗ್ರಹಾಲಯಕ್ಕೆ



ಪರೀಕ್ಷೆಗಳು ಮುಗಿದಿವೆ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಹೊರಗೆ ಆಡಲೂ ಆಗದು, ಇಡೀ ದಿನ ಮನೆಯಲ್ಲಿ ಕೂರಲೂ ಆಗದು. ಊರಿನಿಂದ ಅಜ್ಜ ಅಜ್ಜಿ ಬಂದಿರುತ್ತಾರೆ, ಇಲ್ಲವೇ ನೀವೇ ಅವರ ಊರಿಗೆ ಹೋಗಿರುತ್ತೀರಿ. ಇಂಥ ಒಂದು ದಿನ ಮನೆಮಂದಿಯೆಲ್ಲ ಸೇರಿ ಹತ್ತಿರದ ವಸ್ತುಸಂಗ್ರಹಾಲಯಕ್ಕೆ ಹೋಗಿಬನ್ನಿ ಎಂದರೆ ನಿಮ್ಮಲ್ಲಿ ಕೆಲವರು ಮುಖ ಸಿಂಡರಿಸಬಹುದು. ಅದಕ್ಕೆ ಕಾರಣವೂ ಉಂಟು. ಶಾಲೆಯ ಪ್ರವಾಸದಲ್ಲಿ ಸಾಲಾಗಿ ಒಂದು ಬಾಗಿಲಿನಿಂದ ಒಳಹೊಕ್ಕು, ಅರ್ಧ ಗಂಟೆಯಲ್ಲಿ ಇನ್ನೊಂದು ಬಾಗಿಲಿನಿಂದ ಹೊರಬಂದ ನೆನಪು ಬಹುಮಂದಿಗೆ ಇದೆ. ಬಸ್ಸಿನಲ್ಲಿ ಹಾಡಿದ ಹಾಡು ನೆನಪಿದೆ, ನೋಡಿದ ವಿಗ್ರಹ ನೆನಪಿಲ್ಲ.

ತಪ್ಪು ನಿಮ್ಮದಲ್ಲ, ವಸ್ತುಗಳದ್ದೂ ಅಲ್ಲ. ನೋಡುವ ಕ್ರಮ ಬೇರೆಯಾಗಬೇಕು, ಅಷ್ಟೇ. ಎಲ್ಲವನ್ನೂ ನೋಡಿ ಮುಗಿಸುವ ಆತುರ ಬೇಡ. ಒಂದೆರಡು ವಸ್ತುಗಳ ಮುಂದೆ ನಿಂತು ಪ್ರಶ್ನೆ ಕೇಳಿದರೆ ಸಾಕು.

ಕಾಣುವುದರ ಹಿಂದಿನ ಕೆಲಸ

ಮೊದಲಿಗೆ ವಸ್ತುಸಂಗ್ರಹಾಲಯವೆಂದರೆ ಏನೆಂದು ತಿಳಿಯೋಣ. ಹಳೆಯ ಸಾಮಾನುಗಳನ್ನು ತುಂಬಿಟ್ಟ ಗೋದಾಮು ಅದಲ್ಲ. ವಸ್ತುಗಳನ್ನು ಸಂಗ್ರಹಿಸುವುದು, ಕೆಡದಂತೆ ಕಾಪಾಡುವುದು, ಅಭ್ಯಾಸ ಮಾಡುವುದು, ಜನರಿಗೆ ತೋರಿಸುವುದು, ಹೀಗೆ ನಾಲ್ಕು ಕೆಲಸಗಳು ಅಲ್ಲಿ ನಡೆಯುತ್ತವೆ. ನಮ್ಮ ಕಣ್ಣಿಗೆ ಬೀಳುವುದು ಕೊನೆಯದು ಮಾತ್ರ. ಒಳಗೆ ಬಂದ ಪ್ರತಿಯೊಂದು ವಸ್ತುವಿಗೂ ದಾಖಲೆ ಪುಸ್ತಕದಲ್ಲಿ ಒಂದು ಸಂಖ್ಯೆ ಇರುತ್ತದೆ. ಅದು ಎಲ್ಲಿ ಸಿಕ್ಕಿತು, ಯಾರಿಂದ ಬಂತು ಎಂಬುದನ್ನು ಅಲ್ಲಿ ಬರೆದಿಡುತ್ತಾರೆ. ದೊಡ್ಡ ಸಂಗ್ರಹಾಲಯಗಳಲ್ಲಿ ಬಹುಪಾಲು ವಸ್ತುಗಳು ಉಗ್ರಾಣದಲ್ಲೇ ಇರುತ್ತವೆ. ಆಗಾಗ ಏರ್ಪಡುವ ವಿಶೇಷ ಪ್ರದರ್ಶನಗಳಲ್ಲಿ ಅವುಗಳಲ್ಲಿ ಕೆಲವು ಹೊರಗೆ ಬರುತ್ತವೆ.

‘ಮುಟ್ಟಬೇಡಿ’ ಎಂಬ ಫಲಕ ಕಂಡಾಗ ಬೇಸರವಾಗುವುದು ಸಹಜ. ಆದರೆ ನಮ್ಮ ಬೆರಳುಗಳಲ್ಲಿ ಬೆವರಿನ ಉಪ್ಪು ಮತ್ತು ಜಿಡ್ಡು ಇರುತ್ತದೆ. ಒಬ್ಬರು ಮುಟ್ಟಿದರೆ ಏನೂ ಆಗದಂತೆ ಕಾಣಬಹುದು. ಸಾವಿರಾರು ಜನ ಮುಟ್ಟಿದರೆ ಕಂಚಿನ ವಿಗ್ರಹವೂ ಸವೆಯುತ್ತದೆ, ಕಿಲುಬು ಹಿಡಿಯುತ್ತದೆ. ಹಳೆಯ ಸೀರೆ, ಜಲವರ್ಣದ ಚಿತ್ರ ಇರುವ ಕೋಣೆಯಲ್ಲಿ ಬೆಳಕು ಮಂದವಾಗಿರುವುದಕ್ಕೂ ಕಾರಣವಿದೆ. ಓದುವ ಮೇಜಿನ ಮೇಲೆ ಸುಮಾರು 300 ಲಕ್ಸ್ ಬೆಳಕು ಬೇಕಾಗುತ್ತದೆ. ಇಂಥ ವಸ್ತುಗಳ ಮೇಲೆ 50 ಲಕ್ಸ್‌ಗಿಂತ ಹೆಚ್ಚು ಬೀಳಬಾರದೆಂಬುದು ವಾಡಿಕೆಯ ಮಿತಿ. ಬೆಳಕಿಗೆ ಮಾಸಿದ ಬಣ್ಣ ಮತ್ತೆ ಬರುವುದಿಲ್ಲ.

ಒಂದು ಕಲ್ಲಿನ ಮುಂದೆ

ದಕ್ಷಿಣ ಭಾರತದ ಹಳೆಯ ಸಂಗ್ರಹಾಲಯಗಳಲ್ಲಿ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯವೂ ಒಂದು. ಮದರಾಸಿನ ಸಂಗ್ರಹಾಲಯವನ್ನು ಬೆಳೆಸಿದ ಎಡ್ವರ್ಡ್ ಬಾಲ್ಫರ್ ಎಂಬ ವೈದ್ಯರ ಪ್ರಯತ್ನದಿಂದ 1865ರಲ್ಲಿ ಅದು ಆರಂಭವಾಯಿತು. ಕಸ್ತೂರಬಾ ರಸ್ತೆಯ ಕೆಂಪು ಕಟ್ಟಡ 1877ರದು. ಅದರ ಸಂಗ್ರಹದಲ್ಲಿರುವ ಆತಕೂರು ಶಾಸನವನ್ನು ಉದಾಹರಣೆಗೆ ತೆಗೆದುಕೊಳ್ಳೋಣ.

ಇದು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಿಂದ ಬಂದ, ಸುಮಾರು ಕ್ರಿ.ಶ. 950ರ ಕಲ್ಲು. ಮೊದಲು ಬರಹವನ್ನು ಬಿಟ್ಟು ಚಿತ್ರವನ್ನು ನೋಡಿ. ಒಂದು ನಾಯಿ, ಒಂದು ಕಾಡುಹಂದಿ. ಎರಡೂ ಕಾದಾಡುತ್ತಿವೆ. ರಾಜರ ಹೆಸರಿರುವ ಕಲ್ಲಿನ ಮೇಲೆ ನಾಯಿಗೇನು ಕೆಲಸ? ನಿಮ್ಮ ತಮ್ಮನೋ ತಂಗಿಯೋ ಕೇಳುವ ಈ ಪ್ರಶ್ನೆಯೇ ಸರಿಯಾದ ಪ್ರಶ್ನೆ.

ಉತ್ತರ ಬರಹದಲ್ಲಿದೆ. ರಾಷ್ಟ್ರಕೂಟ ದೊರೆ ಮೂರನೇ ಕೃಷ್ಣ ತಕ್ಕೋಲದ ಯುದ್ಧದಲ್ಲಿ ಚೋಳರ ರಾಜಾದಿತ್ಯನನ್ನು ಎದುರಿಸಿದ. ಗಂಗ ದೊರೆ ಎರಡನೇ ಬೂತುಗ ಕೃಷ್ಣನ ಪಕ್ಷದಲ್ಲಿದ್ದ. ಬೂತುಗನ ಕಡೆಯ ಮಣಲೇರ ಎಂಬ ವೀರನ ಶೌರ್ಯಕ್ಕೆ ಮೆಚ್ಚಿ, ಬೇಕಾದುದನ್ನು ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಹೆಸರಿನ ಬೇಟೆನಾಯಿಯನ್ನು. ಮುಂದೆ ಕಾಳಿ ಒಂದು ದೊಡ್ಡ ಹಂದಿಯೊಡನೆ ಕಾದಿತು. ಎರಡೂ ಸತ್ತವು. ಮಣಲೇರ ತನ್ನ ನಾಯಿಗಾಗಿ ಕಲ್ಲು ನಿಲ್ಲಿಸಿದ, ಅದರ ಪೂಜೆಗೆಂದು ಭೂಮಿಯನ್ನೂ ಬಿಟ್ಟ. ಪಠ್ಯಪುಸ್ತಕದಲ್ಲಿ ತಕ್ಕೋಲದ ಯುದ್ಧ ಒಂದು ಸಾಲು. ಈ ಕಲ್ಲಿನಲ್ಲಿ ಅದು ಸಾಕಿದ ನಾಯಿಯನ್ನು ಕಳೆದುಕೊಂಡ ಮನುಷ್ಯನೊಬ್ಬನ ಸಂಗತಿ. ಇಷ್ಟು ತಿಳಿಯಲು ಬೇಕಾದದ್ದು ಇಪ್ಪತ್ತು ನಿಮಿಷ ಮಾತ್ರ.

ಮಾಡಿ ನೋಡುವ ಕಡೆ

ಮುಟ್ಟಿ ನೋಡಲೇಬೇಕಾದ ಸಂಗ್ರಹಾಲಯಗಳೂ ಇವೆ. ಬೆಂಗಳೂರಿನಲ್ಲೇ, ಸರ್ಕಾರಿ ವಸ್ತುಸಂಗ್ರಹಾಲಯದ ಪಕ್ಕದಲ್ಲೇ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವಿದೆ. ಅಲ್ಲಿ ಗುಂಡಿ ಒತ್ತಿ, ಹಿಡಿ ತಿರುಗಿಸಿ ವಿಜ್ಞಾನದ ತತ್ವಗಳನ್ನು ನೀವೇ ಪರೀಕ್ಷಿಸಬಹುದು. ರೈಟ್ ಸಹೋದರರ ವಿಮಾನದ ನಿಜ ಗಾತ್ರದ ಮಾದರಿಯೂ ಅಲ್ಲಿದೆ. ಬೇಸಿಗೆ ರಜೆಯಲ್ಲಿ ವಿದ್ಯಾರ್ಥಿಗಳಿಗೆ ವಿಜ್ಞಾನ ಹವ್ಯಾಸ ಶಿಬಿರಗಳನ್ನು ಈ ಸಂಸ್ಥೆ ನಡೆಸುತ್ತಾ ಬಂದಿದೆ. ಮೈಸೂರಿನ ಕಾರಂಜಿ ಕೆರೆಯ ದಂಡೆಯಲ್ಲಿ 1995ರಲ್ಲಿ ಆರಂಭವಾದ ಪ್ರಾದೇಶಿಕ ಪ್ರಾಕೃತಿಕ ಇತಿಹಾಸ ವಸ್ತುಸಂಗ್ರಹಾಲಯವೂ ಮಕ್ಕಳಿಗಾಗಿ ರಜೆಯ ಕಾರ್ಯಕ್ರಮಗಳನ್ನು ಏರ್ಪಡಿಸುತ್ತದೆ. ಒಳಗೆ ಕಾಡು, ಪ್ರಾಣಿ, ಸಸ್ಯಗಳ ಮಾದರಿಗಳನ್ನು ನೋಡಿ, ಹೊರಗೆ ಬಂದು ಕೆರೆಯಂಗಳದಲ್ಲಿ ನಿಜವಾದ ಹಕ್ಕಿಗಳನ್ನು ಹುಡುಕಬಹುದು.

ಈ ಸಂಸ್ಥೆಯ ಮೂಲ ಸಂಸ್ಥೆ ದೆಹಲಿಯಲ್ಲಿತ್ತು. 2016ರ ಏಪ್ರಿಲ್ 26ರಂದು ಬೆಂಕಿ ಬಿದ್ದು ಅದರ ಸಂಗ್ರಹ ನಾಶವಾಯಿತು. ದಶಕಗಳ ಶ್ರಮ ಒಂದೇ ರಾತ್ರಿಯಲ್ಲಿ ಹೋಯಿತು. ಬೆಂಕಿ ಬಿದ್ದರೆ ಎಲ್ಲರಿಗೂ ಕಾಣುತ್ತದೆ, ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಸದ್ದಿಲ್ಲದೆ ಆಗುವ ನಷ್ಟವೂ ಒಂದಿದೆ. ಅದನ್ನು ತಡೆಯುವುದು ನಿಮ್ಮ ಕೈಯಲ್ಲಿದೆ.

ಅಜ್ಜಿಯನ್ನೂ ಕರೆದುಕೊಂಡು ಹೋಗಿ

ರಾಮನಗರದ ಬಳಿ, ಬೆಂಗಳೂರು–ಮೈಸೂರು ರಸ್ತೆಯಲ್ಲಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ. 1994ರಲ್ಲಿ ಆರಂಭವಾದ ಈ ಸಂಗ್ರಹಾಲಯದಲ್ಲಿ ರೈತರ, ಕುಶಲಕರ್ಮಿಗಳ, ಕಲಾವಿದರ ವಸ್ತುಗಳಿವೆ. ಅಡುಗೆಮನೆಯ ಪಾತ್ರೆ, ಅಳತೆಯ ಮಾನಗಳು, ಬೇಸಾಯದ ಸಲಕರಣೆ, ತೊಗಲುಗೊಂಬೆ, ವಾದ್ಯಗಳು ಅಲ್ಲಿ ಕಾಣುತ್ತವೆ. ಇಂಥ ಕಡೆಗೆ ನೀವೊಬ್ಬರೇ ಹೋಗಬೇಡಿ. ಅಜ್ಜ ಅಜ್ಜಿಯನ್ನು ಕರೆದುಕೊಂಡು ಹೋಗಿ. ಅವರು ಎಲ್ಲಿ ನಿಲ್ಲುತ್ತಾರೋ ಅಲ್ಲಿ ನೀವೂ ನಿಲ್ಲಿ.

ಚೀಟಿಯಲ್ಲಿ ‘ಪಾವು, ಸೇರು, ಧಾನ್ಯ ಅಳೆಯುವ ಮಾನ’ ಎಂದಷ್ಟೇ ಬರೆದಿರಬಹುದು. ಅಜ್ಜಿ ಹೇಳುವುದು ಬೇರೆ. ನಾಲ್ಕು ಪಾವಿಗೆ ಒಂದು ಸೇರು ಎನ್ನುತ್ತಾರೆ. ತಲೆ ತಟ್ಟಿ ಅಳೆಯುವುದಕ್ಕೂ ತುಂಬಿ ತುಳುಕುವಂತೆ ಅಳೆಯುವುದಕ್ಕೂ ಇದ್ದ ವ್ಯತ್ಯಾಸವನ್ನು ಕೈಯಲ್ಲೇ ಮಾಡಿ ತೋರಿಸುತ್ತಾರೆ. ಸಾಲ ಕೊಡುವಾಗ ಯಾವ ಅಳತೆ, ವಾಪಸು ಪಡೆಯುವಾಗ ಯಾವ ಅಳತೆ ಎಂದು ಕೇಳಿ ನೋಡಿ. ಊರಿನ ಆರ್ಥಿಕ ಸ್ಥಿತಿಯ ಒಂದು ಪಾಠವೇ ಸಿಗುತ್ತದೆ. ಕಪಿಲೆಯ ಚರ್ಮದ ಬಾನಿ ಕಂಡರೆ ಅಜ್ಜ ಬಾವಿಯ ಇಳಿಜಾರನ್ನು ನೆನೆಯುತ್ತಾರೆ. ಎತ್ತುಗಳು ಇಳಿಜಾರಿನಲ್ಲಿ ಇಳಿಯುವಾಗ ನೀರು ಮೇಲೆ ಬರುತ್ತಿತ್ತು. ಮತ್ತೆ ಅವು ಹಿಂದಕ್ಕೆ ಹೆಜ್ಜೆ ಇಡುವಾಗ ಬಾನಿ ಬಾವಿಗೆ ಇಳಿಯುತ್ತಿತ್ತು. ಎತ್ತಿಗೆ ಹಿಂದಕ್ಕೆ ನಡೆಯಲು ಕಲಿಸಿದ್ದು ಹೇಗೆ? ಇದಕ್ಕೆ ಉತ್ತರ ಗಾಜಿನ ಪೆಟ್ಟಿಗೆಯಲ್ಲಿಲ್ಲ.

ನಮ್ಮ ದೇಶದಲ್ಲಿ ಮೆಟ್ರಿಕ್ ಅಳತೆಯ ಕಾನೂನು ಬಂದದ್ದು 1956ರಲ್ಲಿ. ಆಣೆ, ಕಾಸುಗಳ ಬದಲು ರೂಪಾಯಿಗೆ ನೂರು ನಯಾಪೈಸೆ ಎಂಬ ಲೆಕ್ಕ ಬಂದದ್ದು 1957ರ ಏಪ್ರಿಲ್ 1ರಂದು. ಹಳ್ಳಿಗಳಲ್ಲಿ ಹಳೆಯ ಅಳತೆ ಆಮೇಲೂ ಬಹಳ ಕಾಲ ಉಳಿಯಿತು, ನಿಜ. ಆದರೆ ಆಣೆಯ ಲೆಕ್ಕದಲ್ಲಿ ಸಂತೆಯಲ್ಲಿ ವ್ಯಾಪಾರ ಮಾಡಿದ ನೆನಪಿರುವವರಿಗೆ ಈಗ ಎಪ್ಪತ್ತೈದಕ್ಕೂ ಹೆಚ್ಚು ವಯಸ್ಸಾಗಿದೆ. ವಸ್ತು ಸಂಗ್ರಹಾಲಯದಲ್ಲಿ ಇನ್ನೂ ನೂರು ವರ್ಷ ಇದ್ದೀತು. ಅದನ್ನು ಬಳಸಿದ ಕೈ ಅಷ್ಟು ಕಾಲ ಇರುವುದಿಲ್ಲ. ಮುಂದಿನ ರಜೆಗೆ ಕೇಳೋಣ ಎಂದು ಮುಂದೂಡಿದ ಎಷ್ಟೋ ಪ್ರಶ್ನೆಗಳಿಗೆ ಉತ್ತರ ಹೇಳುವವರು ಆಮೇಲೆ ಸಿಗುವುದಿಲ್ಲ.

ಮನೆಯಲ್ಲೊಂದು ಪ್ರದರ್ಶನ

ಮನೆಗೆ ಬಂದ ಮೇಲೆ ನೀವೇ ಒಂದು ಚಿಕ್ಕ ಪ್ರದರ್ಶನ ಏರ್ಪಡಿಸಿ. ಅಟ್ಟ, ಹಿತ್ತಲು, ಹಳೆಯ ಪೆಟ್ಟಿಗೆ ಹುಡುಕಿದರೆ ಹತ್ತು ವಸ್ತುಗಳು ಸಿಕ್ಕೇ ಸಿಗುತ್ತವೆ. ಅಡಕೆ ಕತ್ತರಿ, ಕಡಗೋಲು, ಶಾವಿಗೆ ಒರಳು, ಹಳೆಯ ರೇಡಿಯೋ, ಮದುವೆಯ ಕರೆಯೋಲೆ, ಯಾವುದಾದರೂ ಆದೀತು. ಒಂದು ನೋಟ್‌ಪುಸ್ತಕವನ್ನು ದಾಖಲೆ ಪುಸ್ತಕ ಮಾಡಿಕೊಂಡು ಪ್ರತಿ ವಸ್ತುವಿಗೆ ಸಂಖ್ಯೆ ಕೊಡಿ. ನಿಮ್ಮ ಊರಿನಲ್ಲಿ ಅದಕ್ಕಿರುವ ಹೆಸರು, ಯಾವುದರಿಂದ ಮಾಡಿದ್ದು, ಯಾರು ಬಳಸಿದರು, ಹೇಗೆ ಬಳಸಿದರು, ಈ ವಿವರ ಹೇಳಿದವರು ಯಾರು ಎಂಬ ಐದು ಸಂಗತಿಗಳನ್ನು ಬರೆಯಿರಿ. ಕೊನೆಯದನ್ನು ಮರೆಯಬೇಡಿ. ಹೇಳಿದವರ ಹೆಸರು, ದಿನಾಂಕ ಇಲ್ಲದ ಮಾಹಿತಿಗೆ ಬೆಲೆ ಕಡಿಮೆ. ಸಾಧ್ಯವಾದರೆ ಅವರ ಮಾತನ್ನು ಅವರ ದನಿಯಲ್ಲೇ ಧ್ವನಿಮುದ್ರಿಸಿ. ಇಂದು ಮೊಬೈಲ್ ಇರುವ ಪ್ರತಿ ಮನೆಯಲ್ಲೂ ಇದು ಸಾಧ್ಯ. ಸಂಜೆ ಅಕ್ಕಪಕ್ಕದವರನ್ನು ಕರೆದು ತೋರಿಸಿ. ಅವರ ಮನೆಯ ಅಟ್ಟವೂ ತೆರೆದೀತು.

ಹೊರಡುವ ಮುನ್ನ

ಬೆಂಗಳೂರು, ಮೈಸೂರು ದೂರವಾದರೆ ಚಿಂತೆಯಿಲ್ಲ. ವಿಜಯಪುರದ ಗೋಲಗುಮ್ಮಟದ ಆವರಣ, ಬಾದಾಮಿ, ಐಹೊಳೆ, ಹಂಪಿಯ ಬಳಿಯ ಕಮಲಾಪುರ, ಹಳೇಬೀಡುಗಳಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂಗ್ರಹಾಲಯಗಳಿವೆ. ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆಯದು, ಶಿವಮೊಗ್ಗದಲ್ಲಿ ಶಿವಪ್ಪನಾಯಕನ ಅರಮನೆಯದು, ಮಂಗಳೂರಿನಲ್ಲಿ ಶ್ರೀಮಂತಿಬಾಯಿ ಸ್ಮಾರಕ ಸಂಗ್ರಹಾಲಯ, ಕಲಬುರಗಿಯಲ್ಲಿ ಜಿಲ್ಲಾ ವಿಜ್ಞಾನ ಕೇಂದ್ರ, ಹೀಗೆ ಒಂದೊಂದು ಸೀಮೆಗೂ ಒಂದೊಂದು ಇದೆ. ಪುರಾತತ್ವ ಇಲಾಖೆಯ ಸಂಗ್ರಹಾಲಯಗಳಿಗೆ ಶುಕ್ರವಾರ ರಜೆ, ಹದಿನೈದು ವರ್ಷದೊಳಗಿನವರಿಗೆ ಪ್ರವೇಶ ಉಚಿತ. ಬೇರೆ ಹಲವು ಕಡೆ ಸೋಮವಾರ ರಜೆ ಇರುತ್ತದೆ. ದುರಸ್ತಿಗಾಗಿ ಮುಚ್ಚಿರುವುದೂ ಉಂಟು. ಆದ್ದರಿಂದ ವಿಚಾರಿಸಿಕೊಂಡೇ ಹೊರಡಿ. ಬಿಸಿಲೇರುವ ಮೊದಲು ತಲುಪಿ. ವಯಸ್ಸಾದವರಿಗೆ ಕೂರಲು ಜಾಗ ನೋಡಿಕೊಳ್ಳಿ. ಪುಸ್ತಕ, ಪೆನ್ಸಿಲ್ ಜೊತೆಗಿರಲಿ. ಒಂದು ವಸ್ತುವಿನ ಚಿತ್ರವನ್ನು ಕೈಯಾರೆ ಬಿಡಿಸಿದರೆ ಹತ್ತು ಫೋಟೋ ತೆಗೆದುದಕ್ಕಿಂತ ಹೆಚ್ಚು ನೆನಪಿರುತ್ತದೆ.

ಪ್ರತಿ ವರ್ಷ ಮೇ 18 ಅಂತಾರಾಷ್ಟ್ರೀಯ ವಸ್ತುಸಂಗ್ರಹಾಲಯ ದಿನ. 1977ರಿಂದ ಇದನ್ನು ಆಚರಿಸುತ್ತಾ ಬಂದಿದ್ದಾರೆ. ಆ ಹೊತ್ತಿಗೆ ಹಲವು ಕಡೆ ವಿಶೇಷ ಪ್ರದರ್ಶನಗಳು ಇರುತ್ತವೆ. ನಮ್ಮಲ್ಲಿ ಅದು ಬೇಸಿಗೆ ರಜೆಯಲ್ಲೇ ಬರುವುದು ನಿಮಗೆ ಅನುಕೂಲವೇ ಆಯಿತು. ಆ ದಿನವಾದರೂ ಸರಿ, ನಾಳೆಯಾದರೂ ಸರಿ, ಹೋಗುವಾಗ ಅಜ್ಜಿಯ ಕೈ ಹಿಡಿದುಕೊಳ್ಳಿ. ಬರುವಾಗ ನಿಮ್ಮ ಪುಸ್ತಕದಲ್ಲಿ, ಅಲ್ಲಿನ ಯಾವ ಚೀಟಿಯಲ್ಲೂ ಇಲ್ಲದ ಒಂದು ಪುಟ ಇರುತ್ತದೆ.